ಎಲೆಕ್ಟ್ರಿಕ್ ಕಾರಿನ ನಿರ್ವಹಣೆಗೆ ನಿಜವಾಗಿ ತಗಲುವ ಖರ್ಚು: ಪದೇ ಪದೇ ಕೇಳುವ ಪ್ರಶ್ನೆಗಳು

ಎಲೆಕ್ಟ್ರಿಕ್ ಕಾರು ಇಟ್ಟುಕೊಂಡವರನ್ನು ಕೊಳ್ಳುವ ಮುನ್ನ ಬಂದು ಕೇಳುವವರು "ಖರ್ಚೇ ಇಲ್ಲವಂತೆ, ಹೌದೇ?" ಎನ್ನುತ್ತಾರೆ; ಕೊಂಡು ಮೂರು ವರ್ಷವಾದವರು "ಇದಕ್ಕೂ ಇಷ್ಟು ಖರ್ಚಿದೆಯೆಂದು ಮೊದಲೇ ಏಕೆ ಹೇಳಲಿಲ್ಲ?" ಎನ್ನುತ್ತಾರೆ. ಎರಡು ಮಾತಿಗೂ ಆಧಾರವಿದೆ. ಪೆಟ್ರೋಲ್ ಕಾರಿನಲ್ಲಿ ತಿಂಗಳು ತಿಂಗಳೂ ಸೋರುವ ಹಣ ಇಲ್ಲಿ ಉಳಿಯುತ್ತದೆ. ಆದರೆ ಖರ್ಚು ಬಂದಾಗ ಅಪರೂಪಕ್ಕೆ, ದೊಡ್ಡ ಗಂಟಾಗಿ ಬರುತ್ತದೆ. ಮಾತುಕತೆಗಳಲ್ಲಿ ಮತ್ತು ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟು ಕೆಳಗೆ ಉತ್ತರಿಸಿದೆ. ಹಣದ ಮೊತ್ತ ಸ್ಥಳದಿಂದ ಸ್ಥಳಕ್ಕೆ ಬದಲಾಗುವುದರಿಂದ ಲೆಕ್ಕವನ್ನು ಕಿಲೋಮೀಟರು, ವರ್ಷ ಮತ್ತು ಶೇಕಡಾವಾರಿನಲ್ಲಿ ಕೊಟ್ಟಿದೆ.

## ಮೊದಲ ಪ್ರಶ್ನೆಗಳು

ಎಂಜಿನ್ನೇ ಇಲ್ಲ ಅಂದಮೇಲೆ ಸರ್ವಿಸ್ ಯಾಕೆ ಬೇಕು?

ಎಂಜಿನ್ ಇಲ್ಲವಾದ್ದರಿಂದ ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಸ್ಪಾರ್ಕ್ ಪ್ಲಗ್, ಟೈಮಿಂಗ್ ಬೆಲ್ಟ್, ಕ್ಲಚ್, ಇಂಧನ ಪಂಪು, ಸೈಲೆನ್ಸರ್ ಇವುಗಳಲ್ಲಿ ಯಾವುದೂ ಇಲ್ಲ, ಅವುಗಳ ಖರ್ಚೂ ಇಲ್ಲ. ಆದರೆ ಕಾರು ಎಂದರೆ ಎಂಜಿನ್ ಮಾತ್ರವಲ್ಲ. ಟೈರು, ಬ್ರೇಕು, ಸಸ್ಪೆನ್ಷನ್, ಸ್ಟಿಯರಿಂಗ್ ಕೀಲುಗಳು, ವೈಪರ್, ಎ.ಸಿ. ಎಲ್ಲವೂ ಹಿಂದಿನಂತೆಯೇ ಇವೆ, ಹಿಂದಿನಂತೆಯೇ ಸವೆಯುತ್ತವೆ. ಇವುಗಳ ಜೊತೆಗೆ ಬ್ಯಾಟರಿಯನ್ನು ತಂಪಾಗಿಡುವ ಕೂಲೆಂಟ್ ವ್ಯವಸ್ಥೆ, ಮೋಟಾರಿನ ವೇಗವನ್ನು ಚಕ್ರಕ್ಕೆ ತಕ್ಕಂತೆ ತಗ್ಗಿಸುವ ಗೇರು ಪೆಟ್ಟಿಗೆ ಮತ್ತು ಅದರೊಳಗಿನ ಎಣ್ಣೆ ಸೇರಿಕೊಳ್ಳುತ್ತವೆ.

ಪೆಟ್ರೋಲ್ ಕಾರಿಗಿಂತ ಎಷ್ಟು ಉಳಿಯುತ್ತೆ? ಒಂದು ಅಂದಾಜು ಹೇಳಿ.

ಅಮೆರಿಕದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯ 2021ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಎಲೆಕ್ಟ್ರಿಕ್ ಕಾರಿನ ನಿಗದಿತ ನಿರ್ವಹಣೆಗೆ ಪ್ರತಿ ಮೈಲಿಗೆ ತಗಲುವ ವೆಚ್ಚ ಪೆಟ್ರೋಲ್ ಕಾರಿಗಿಂತ ಸುಮಾರು ಶೇಕಡಾ 40ರಷ್ಟು ಕಡಿಮೆ ಎಂದಿದೆ. ಅದೇ ದೇಶದ ಕನ್ಸ್ಯೂಮರ್ ರಿಪೋರ್ಟ್ಸ್ ಸಂಸ್ಥೆ 2020ರಲ್ಲಿ ಮಾಲೀಕರಿಂದ ಸಂಗ್ರಹಿಸಿದ ಮಾಹಿತಿಯಲ್ಲಿ, ದುರಸ್ತಿ ಮತ್ತು ನಿರ್ವಹಣೆ ಎರಡೂ ಸೇರಿ ಖರ್ಚು ಸರಿಸುಮಾರು ಅರ್ಧಕ್ಕೆ ಇಳಿದಿತ್ತು. ಹೀಗಾಗಿ "ಮೂರನೇ ಒಂದರಿಂದ ಅರ್ಧದವರೆಗೆ ಉಳಿಯುತ್ತದೆ" ಎಂದುಕೊಂಡರೆ ಮೋಸವಿಲ್ಲ. ಶೇಕಡಾ 90 ಉಳಿಯುತ್ತದೆ ಎಂದು ಮಾರುವವರು ಹೇಳಿದರೆ ಅವರು ಟೈರನ್ನು ಲೆಕ್ಕದಿಂದ ಹೊರಗಿಟ್ಟಿದ್ದಾರೆ ಎಂದು ತಿಳಿಯಿರಿ. ಒಂದು ಮಾತು ಇಲ್ಲಿ ಮುಖ್ಯ: ಈ ಲೆಕ್ಕಗಳಲ್ಲಿ ವಿಮೆಯಾಗಲಿ ಅಪಘಾತದ ದುರಸ್ತಿಯಾಗಲಿ ಸೇರಿಲ್ಲ.

ಸರ್ವಿಸ್ ಬಿಲ್‌ನಲ್ಲಿ ನಿಜಕ್ಕೂ ಏನೇನು ಇರಬೇಕು?

ಬಹುತೇಕ ವರ್ಷಗಳಲ್ಲಿ ಬಿಲ್ಲು ತೆಳ್ಳಗಿರಬೇಕು. ಕಾರಿನೊಳಗೆ ಬರುವ ಗಾಳಿಯನ್ನು ಸೋಸುವ ಕ್ಯಾಬಿನ್ ಫಿಲ್ಟರ್ ವರ್ಷಕ್ಕೊಮ್ಮೆ ಅಥವಾ ಸುಮಾರು 15,000ದಿಂದ 20,000 ಕಿ.ಮೀ.ಗೆ ಬದಲಾಗುತ್ತದೆ, ಇದನ್ನು ಡ್ಯಾಶ್‌ಬೋರ್ಡಿನ ಕೆಳಗೆ ಕೈಹಾಕಿ ನೀವೇ ಬದಲಿಸಿಕೊಳ್ಳಬಹುದಾದ ಕಾರುಗಳೂ ಇವೆ. ಬ್ರೇಕ್ ಆಯಿಲ್ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ. ಟೈರುಗಳ ಸ್ಥಾನಪಲ್ಲಟ, ವೀಲ್ ಅಲೈನ್‌ಮೆಂಟ್ ತಪಾಸಣೆ, ಕೆಳಭಾಗದ ಕವಚಗಳ ಪರಿಶೀಲನೆ, ಕಂಪ್ಯೂಟರಿನಲ್ಲಿ ದೋಷ ಸಂಕೇತಗಳ ಓದು, ಇಷ್ಟು ಕೂಲಿಯ ಕೆಲಸ. ಇದರಾಚೆಗೆ "ಬ್ಯಾಟರಿ ಕ್ಲೀನಿಂಗ್", "ಮೋಟಾರ್ ಟ್ಯೂನಿಂಗ್" ಎಂಬಂಥ ಸಾಲುಗಳು ಕಂಡರೆ ಅವು ತಯಾರಕರ ವೇಳಾಪಟ್ಟಿಯ ಯಾವ ಪುಟದಲ್ಲಿವೆ ಎಂದು ಕೇಳಿ. ಮುಚ್ಚಿ ಮುದ್ರೆಹಾಕಿದ ಬ್ಯಾಟರಿ ಪೆಟ್ಟಿಗೆಯೊಳಗೆ ವಾಡಿಕೆಯ ಸರ್ವಿಸಿನಲ್ಲಿ ಯಾರೂ ಏನನ್ನೂ ತೊಳೆಯುವುದಿಲ್ಲ.

ಸರ್ವಿಸ್ ತಪ್ಪಿಸಿದರೆ ವಾರಂಟಿ ಹೋಗುತ್ತಾ?

ವಾರಂಟಿ ಪುಸ್ತಕದ ಷರತ್ತಿನ ಮೇಲೆ ನಿಂತಿದೆ. ತಪಾಸಣೆ ಕಡ್ಡಾಯವೆಂದು ಅಲ್ಲಿ ಬರೆದಿದ್ದರೆ, ಖರ್ಚು ಚಿಕ್ಕದೆಂಬ ಕಾರಣಕ್ಕೇ ಅದನ್ನು ತಪ್ಪಿಸಬೇಡಿ. ಕಾರಿನ ಅತ್ಯಂತ ದುಬಾರಿ ಭಾಗದ ರಕ್ಷಣೆ ಆ ಸಣ್ಣ ರಸೀದಿಗೆ ಜೋತುಬಿದ್ದಿರಬಹುದು.

## ಸವೆಯುವ ಭಾಗಗಳು

ಟೈರು ಇಷ್ಟು ಬೇಗ ಸವೆದದ್ದು ಯಾಕೆ? ಹಳೆ ಕಾರಿನಲ್ಲಿ ಹೀಗಿರಲಿಲ್ಲ.

ಎಲೆಕ್ಟ್ರಿಕ್ ಕಾರಿನ ನಿರ್ವಹಣೆಯಲ್ಲಿ ಹೆಚ್ಚು ಹಣ ತಿನ್ನುವ ವಸ್ತು ಯಾವುದು ಎಂದರೆ, ಬಹುಪಾಲು ಮಾಲೀಕರ ಮಟ್ಟಿಗೆ ಅದು ಟೈರೇ. ಕಾರಣ ಎರಡು. ಬ್ಯಾಟರಿಯ ಭಾರದಿಂದಾಗಿ ಅದೇ ಗಾತ್ರದ ಪೆಟ್ರೋಲ್ ಕಾರಿಗಿಂತ ಇದು ಸಾಮಾನ್ಯವಾಗಿ 200ರಿಂದ 400 ಕಿಲೋ ಹೆಚ್ಚು ತೂಗುತ್ತದೆ. ಜೊತೆಗೆ, ಪೆಡಲ್ ಒತ್ತಿದ ಮರುಕ್ಷಣವೇ ಮೋಟಾರು ತನ್ನ ಪೂರ್ಣ ತಿರುಗುಬಲವನ್ನು ಚಕ್ರಕ್ಕೆ ಕೊಟ್ಟುಬಿಡುತ್ತದೆ. ಕಾಲು ತೆಗೆದಾಗ ಅದೇ ಚಕ್ರವೇ ಎಳೆದು ಹಿಡಿದು ಶಕ್ತಿಯನ್ನು ಬ್ಯಾಟರಿಗೆ ಹಿಂದಿರುಗಿಸುತ್ತದೆ. ಅಂದರೆ ರಬ್ಬರು ಹೋಗುವಾಗಲೂ ಉಜ್ಜಿಸಿಕೊಳ್ಳುತ್ತದೆ, ನಿಲ್ಲುವಾಗಲೂ ಉಜ್ಜಿಸಿಕೊಳ್ಳುತ್ತದೆ. ಸವೆತ ಸುಮಾರು ಶೇಕಡಾ 20ರಷ್ಟು ಹೆಚ್ಚು ಎಂಬುದು ಟೈರ್ ಉದ್ಯಮದಲ್ಲಿ ಚಾಲ್ತಿಯಲ್ಲಿರುವ ಅಂದಾಜು; ಹಳೆಯ ಕಾರಿನಲ್ಲಿ 50,000 ಕಿ.ಮೀ. ಬಾಳುತ್ತಿದ್ದ ಟೈರು ಇಲ್ಲಿ 40,000ಕ್ಕೆ ಮುಗಿದರೆ ಅದರಲ್ಲಿ ದೋಷ ಹುಡುಕಬೇಕಿಲ್ಲ. ಸಿಗ್ನಲ್ ಬಿಟ್ಟೊಡನೆ ಚಿಮ್ಮುವ ಚಟವಿದ್ದರೆ 25,000ಕ್ಕೇ ಮುಗಿಯಲೂಬಹುದು.

ನಮ್ಮ ಕಾರಿನ ಮುಂದಿನ ಟೈರುಗಳನ್ನು ನಿಂತು ನೋಡಿದಾಗ ಹೊರಅಂಚಿನಲ್ಲಿ ಗೆರೆಗಳು ಚೆನ್ನಾಗಿಯೇ ಇದ್ದವು. ಸ್ಟಿಯರಿಂಗನ್ನು ಪೂರ್ತಿ ಒಂದು ಬದಿಗೆ ತಿರುಗಿಸಿ, ಮಂಡಿಯೂರಿ ಟೈರಿನ ಒಳಅಂಚಿಗೆ ಬೆರಳು ಸವರಿದಾಗ ಮಾತ್ರ ಅಲ್ಲಿ ಬೋಳು ನುಣುಪೂ, ಅದರ ನಡುವೆ ಕೂದಲೆಳೆಯಂಥ ತಂತಿಯ ಚೂರೂ ಕೈಗೆ ಸಿಕ್ಕಿತು. ಅಲೈನ್‌ಮೆಂಟ್ ಸ್ವಲ್ಪ ತಪ್ಪಿದ್ದುದೇ ಕಾರಣ. ಹಗುರ ಕಾರಿನಲ್ಲಿ ತಿಂಗಳುಗಟ್ಟಲೆ ನಡೆದುಹೋಗುತ್ತಿದ್ದ ಈ ಸಣ್ಣ ತಪ್ಪನ್ನು ಭಾರದ ಕಾರು ಕ್ಷಮಿಸುವುದಿಲ್ಲ. ಹೊಸ ಟೈರಿನ ಗೆರೆಯ ಆಳ ಸಾಮಾನ್ಯವಾಗಿ 7ರಿಂದ 8 ಮಿಲಿಮೀಟರು. ಅನೇಕ ದೇಶಗಳ ಕಾನೂನು 1.6 ಮಿಲಿಮೀಟರಿಗಿಂತ ಕಡಿಮೆಯಾದರೆ ಒಪ್ಪುವುದಿಲ್ಲ. ಸುಮಾರು 10,000 ಕಿ.ಮೀ.ಗೊಮ್ಮೆ ಹಿಂದುಮುಂದು ಬದಲಿಸುವುದು, ತಿಂಗಳಿಗೊಮ್ಮೆ ತಣ್ಣಗಿರುವಾಗ ಗಾಳಿ ನೋಡುವುದು, ಗುಂಡಿಗೆ ಬಿದ್ದ ಮೇಲೆ ಅಲೈನ್‌ಮೆಂಟ್ ಮಾಡಿಸುವುದು, ಈ ಮೂರರಲ್ಲಿ ಉಳಿಯುವಷ್ಟು ಹಣ ಇಡೀ ಸರ್ವಿಸಿನಲ್ಲಿ ಬೇರೆಲ್ಲೂ ಉಳಿಯದು.

ಕಡಿಮೆ ಬೆಲೆಯ ಸಾಮಾನ್ಯ ಟೈರ್ ಹಾಕಿಸಿದರೆ ನಡೆಯುತ್ತಾ?

ಅಳತೆ ಮತ್ತು ಭಾರಸೂಚ್ಯಂಕ (ಟೈರು ಎಷ್ಟು ತೂಕ ಹೊರಬಲ್ಲದೆಂದು ಹೇಳುವ ಸಂಖ್ಯೆ) ತಯಾರಕರು ಹೇಳಿದಷ್ಟಿದ್ದರೆ ನಡೆಯುತ್ತದೆ. ಭಾರಸೂಚ್ಯಂಕ ಕಡಿಮೆಯಿರುವ ಟೈರು ಮಾತ್ರ ಸರ್ವಥಾ ಬೇಡ. ಎಲೆಕ್ಟ್ರಿಕ್ ಕಾರಿಗೆಂದೇ ಬರುವ ಟೈರುಗಳಲ್ಲಿ ಉರುಳುವಾಗಿನ ತಡೆ ಕಡಿಮೆ, ಕೆಲವದರೊಳಗೆ ಸದ್ದು ಹೀರುವ ಸ್ಪಂಜಿನ ಪಟ್ಟಿಯೂ ಇರುತ್ತದೆ. ಬೇರೆ ಟೈರು ಹಾಕಿಸಿದಾಗ ಒಂದು ಚಾರ್ಜಿನಲ್ಲಿ ಓಡುವ ದೂರ ಸ್ವಲ್ಪ ತಗ್ಗುತ್ತದೆ, ಒಳಗೆ ಗುಂಯ್‌ಗುಡುವ ಸದ್ದು ಹೆಚ್ಚುತ್ತದೆ. ಸ್ಪಂಜಿರುವ ಟೈರಿಗೆ ಪಂಕ್ಚರ್ ಹಾಕುವಾಗ ಆ ಜಾಗದ ಸ್ಪಂಜನ್ನು ಕೆರೆದು ತೆಗೆಯಬೇಕಾದ್ದರಿಂದ ಕೆಲಸವೂ ಕೂಲಿಯೂ ಹೆಚ್ಚು.

ಬ್ರೇಕ್ ಪ್ಯಾಡ್ ಬದಲಾಯಿಸೋದೇ ಬೇಡವಂತೆ, ನಿಜವಾ?

ಪ್ಯಾಡು ಸವೆಯುವುದು ನಿಜಕ್ಕೂ ಬಹಳ ನಿಧಾನ, ಏಕೆಂದರೆ ದಿನನಿತ್ಯದ ವೇಗ ತಗ್ಗಿಸುವಿಕೆಯ ಹೆಚ್ಚಿನ ಪಾಲನ್ನು ಮೋಟಾರೇ ಜನರೇಟರಾಗಿ ನಿರ್ವಹಿಸುತ್ತದೆ. ಲಕ್ಷ ಕಿಲೋಮೀಟರು ದಾಟಿದರೂ ಮೊದಲ ಪ್ಯಾಡಿನಲ್ಲೇ ಓಡುವ ಕಾರುಗಳಿವೆ. ಆದರೆ ಬಳಸದ ಬ್ರೇಕಿಗೆ ಬೇರೊಂದು ಕಾಯಿಲೆ ಬರುತ್ತದೆ: ತುಕ್ಕು. ಮಳೆಗಾಲದಲ್ಲಿ ಅಥವಾ ಸಮುದ್ರದ ಗಾಳಿಯಲ್ಲಿ ನಿಂತ ಕಾರಿನ ಡಿಸ್ಕಿನ ಮೇಲೆ ಕಂದು ಪೊರೆ ಕಟ್ಟುತ್ತದೆ, ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಜಾರುವ ಪಿನ್ನುಗಳು ಹಿಡಿದುಕೊಳ್ಳುತ್ತವೆ, ಕೊನೆಗೆ ಪ್ಯಾಡು ಅರ್ಧ ಸವೆಯುವ ಮೊದಲೇ ಡಿಸ್ಕನ್ನು ಎಸೆಯಬೇಕಾಗುತ್ತದೆ. ಫೋಕ್ಸ್‌ವ್ಯಾಗನ್ ತನ್ನ ಐಡಿ.4 ಕಾರಿನ ಹಿಂದಿನ ಚಕ್ರಗಳಿಗೆ ಹಳೆಯ ಕಾಲದ್ದೆನಿಸುವ ಡ್ರಮ್ ಬ್ರೇಕನ್ನು ಕೊಟ್ಟದ್ದು ಇದೇ ಕಾರಣಕ್ಕೆ. ಮುಚ್ಚಿದ ಡ್ರಮ್ಮಿನೊಳಗೆ ತುಕ್ಕು ಕಡಿಮೆ. ವಾರಕ್ಕೊಂದೆರಡು ಬಾರಿ, ಹಿಂದೆ ವಾಹನಗಳಿಲ್ಲದ ಕಡೆ, ಬ್ರೇಕನ್ನು ತುಸು ಗಟ್ಟಿಯಾಗಿಯೇ ಒತ್ತಿ ಡಿಸ್ಕನ್ನು ಉಜ್ಜಿಸಿಬಿಡುವುದು ಪುಕ್ಕಟೆಯ ಉಪಾಯ. ಬ್ಯಾಟರಿ ಪೂರ್ತಿ ತುಂಬಿರುವಾಗ ಮೋಟಾರಿನ ಹಿಡಿತ ತಾನಾಗಿ ಕಡಿಮೆಯಾಗುವುದರಿಂದ ಆಗ ಇದು ಇನ್ನೂ ಸುಲಭ. ಬ್ರೇಕ್ ಆಯಿಲಿನ ವಿಷಯದಲ್ಲಿ ಮಾತ್ರ ರಿಯಾಯಿತಿಯಿಲ್ಲ: ಅದು ಗಾಳಿಯ ತೇವವನ್ನು ಹೀರುತ್ತದೆ, ಕಾರು ಓಡಲಿ ಬಿಡಲಿ ಹಳತಾಗುತ್ತದೆ.

ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಆನ್ ಆಗಲಿಲ್ಲ. ಇದೇನು ವಿಚಿತ್ರ?

ಎಲೆಕ್ಟ್ರಿಕ್ ಕಾರಿನಲ್ಲೂ ಒಂದು 12 ವೋಲ್ಟಿನ ಸಣ್ಣ ಬ್ಯಾಟರಿ ಇದೆ. ಬಾಗಿಲ ಬೀಗ, ದೀಪ, ಕಂಪ್ಯೂಟರುಗಳೆಲ್ಲ ನಡೆಯುವುದು ಅದರಿಂದ. ದೊಡ್ಡ ಬ್ಯಾಟರಿಯನ್ನು ಮೋಟಾರಿಗೆ ಜೋಡಿಸುವ ಕಾಂಟ್ಯಾಕ್ಟರ್ ಎಂಬ ಸ್ವಿಚ್ಚನ್ನು ಎಳೆಯುವುದೂ ಅದೇ. ಅದು ಸತ್ತರೆ ಅರವತ್ತು ಯೂನಿಟ್ಟು ವಿದ್ಯುತ್ತನ್ನು ಹೊತ್ತ ಕಾರು ಕಲ್ಲಿನಂತೆ ಕೂರುತ್ತದೆ. ನನಗೂ ಹೀಗಾಗಿದೆ. ಹಿಂದಿನ ರಾತ್ರಿ ಮೊಬೈಲಿನಲ್ಲಿ ಶೇಕಡಾ 82 ಎಂದು ನೋಡಿ ಮಲಗಿದ್ದೆ. ಬೆಳಿಗ್ಗೆ ಕೀಲಿ ಜೇಬಿನಲ್ಲಿದ್ದರೂ ಬಾಗಿಲ ಹಿಡಿಕೆ ಅಲುಗಲಿಲ್ಲ, ಒಂದು ದೀಪವೂ ಮಿನುಗಲಿಲ್ಲ. ರಿಮೋಟಿನೊಳಗೆ ಅಡಗಿದ್ದ ಲೋಹದ ಕೀಲಿಯನ್ನು ಎಳೆದು ತೆಗೆದು ಬಾಗಿಲು ತೆರೆದು, ಬಾನೆಟ್ಟೆತ್ತಿ, ಬೇರೊಂದು 12 ವೋಲ್ಟ್ ಬ್ಯಾಟರಿಯಿಂದ ತಂತಿ ಮುಟ್ಟಿಸಿದ ಕೂಡಲೇ ಪರದೆ ಬೆಳಗಿ, ಏನೂ ಆಗಿಲ್ಲವೆಂಬಂತೆ ಶೇಕಡಾ 82 ಎಂದೇ ತೋರಿಸಿತು.

ಸೀಸ ಮತ್ತು ಆಮ್ಲದ ಈ ಬ್ಯಾಟರಿ ಸಾಮಾನ್ಯವಾಗಿ 3ರಿಂದ 5 ವರ್ಷ ಬಾಳುತ್ತದೆ. ಪೆಟ್ರೋಲ್ ಕಾರಿನಲ್ಲಿ ಅದು ಸಾಯುವ ಮುನ್ನ ಸ್ಟಾರ್ಟರ್ ಮೋಟಾರು ಮುಲುಗಿ ಸೂಚನೆ ಕೊಡುತ್ತದೆ. ಇಲ್ಲಿ ಸ್ಟಾರ್ಟರೇ ಇಲ್ಲದ್ದರಿಂದ ಅನೇಕ ಸಲ ಸೂಚನೆಯೂ ಇಲ್ಲ. ಮೂರನೆಯ ವರ್ಷದಿಂದ ಸರ್ವಿಸಿನಲ್ಲಿ ಅದರ ವೋಲ್ಟೇಜು ನೋಡಿಸಿ, ನಾಲ್ಕನೆಯ ವರ್ಷದಲ್ಲಿ ನೀವಾಗಿಯೇ ಬದಲಿಸಿಬಿಡುವುದು ಬುದ್ಧಿವಂತಿಕೆ, ಏಕೆಂದರೆ ಎಳೆದೊಯ್ಯುವ ಲಾರಿಯ ಬಾಡಿಗೆ ಕೆಲವೊಮ್ಮೆ ಹೊಸ ಬ್ಯಾಟರಿಗಿಂತ ಹೆಚ್ಚು.

ಕೂಲೆಂಟ್ ಕಡಿಮೆಯಾಗಿದೆ. ಅಂಗಡಿಯಲ್ಲಿ ಸಿಗುವ ಯಾವುದಾದರೂ ಹಾಕಬಹುದಾ?

ಬೇಡ. ಕೆಲವು ತಯಾರಕರು ಬ್ಯಾಟರಿಯ ಸುತ್ತ ಹರಿಯಲು ವಿದ್ಯುತ್ತನ್ನು ಅತಿ ಕಡಿಮೆ ಹಾಯಿಸುವ ವಿಶೇಷ ಕೂಲೆಂಟನ್ನೇ ಬಳಸುತ್ತಾರೆ. ಸಾಮಾನ್ಯ ಕೂಲೆಂಟು ಬೆರೆತರೆ ಆ ಗುಣ ಹೋಗುತ್ತದೆ, ಇಡೀ ವ್ಯವಸ್ಥೆಯನ್ನು ಖಾಲಿ ಮಾಡಿ ತುಂಬಬೇಕಾಗುತ್ತದೆ. ಬಣ್ಣ ನೋಡಿ ನಿರ್ಧರಿಸದೆ ಪುಸ್ತಕದಲ್ಲಿರುವ ಸಂಖ್ಯೆಯನ್ನೇ ತಾಳೆ ನೋಡಿ. ಮುಚ್ಚಿದ ವ್ಯವಸ್ಥೆಯಲ್ಲಿ ಕೂಲೆಂಟು ಪದೇ ಪದೇ ಕಡಿಮೆಯಾಗುತ್ತಿದ್ದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ.

## ಬ್ಯಾಟರಿಯ ಭಯ

ಎಂಟು ವರ್ಷ ಆದಮೇಲೆ ಬ್ಯಾಟರಿ ಪೂರ್ತಿ ಬದಲಾಯಿಸಬೇಕಲ್ಲ? ಉಳಿಸಿದ್ದೆಲ್ಲ ಆಗ ಹೋಯ್ತಲ್ಲ?

ಎಂಟು ವರ್ಷ ಎಂಬುದು ವಾರಂಟಿಯ ಅವಧಿಯೇ ಹೊರತು ಬ್ಯಾಟರಿಯ ಆಯುಸ್ಸಲ್ಲ. ಸಾವಿರಾರು ವಾಹನಗಳ ಮಾಹಿತಿಯನ್ನು ಜಾಲಾಡಿದ ಜಿಯೋಟ್ಯಾಬ್ ಸಂಸ್ಥೆ 2020ರಲ್ಲಿ ವರ್ಷಕ್ಕೆ ಸರಾಸರಿ ಶೇಕಡಾ 2.3, 2024ರಲ್ಲಿ ಶೇಕಡಾ 1.8ರಷ್ಟು ಸಾಮರ್ಥ್ಯ ಕುಂದುತ್ತದೆ ಎಂದು ಕಂಡುಕೊಂಡಿತು. ವರ್ಷಕ್ಕೆ ಶೇಕಡಾ 2 ಎಂದಿಟ್ಟುಕೊಂಡರೆ ಹತ್ತು ವರ್ಷದ ಕಾರಿನಲ್ಲಿ ಶೇಕಡಾ 80ರಷ್ಟು ಉಳಿದಿರುತ್ತದೆ. ಹೊಸದಾಗಿದ್ದಾಗ 400 ಕಿ.ಮೀ. ಓಡುತ್ತಿದ್ದುದು 320 ಓಡುತ್ತದೆ. ಇದು ಅನನುಕೂಲ, ಆದರೆ ಬ್ಯಾಟರಿ ಬದಲಿಸಲು ಕಾರಣವಲ್ಲ.

ಕೆಟ್ಟ ಹೆಸರು ಬಂದದ್ದಕ್ಕೂ ಚರಿತ್ರೆಯಿದೆ. 2010ರ ಕೊನೆಯಲ್ಲಿ ಮಾರುಕಟ್ಟೆಗೆ ಬಂದ ನಿಸಾನ್ ಲೀಫ್ ಕಾರಿನ ಬ್ಯಾಟರಿಗೆ ದ್ರವದ ತಂಪು ವ್ಯವಸ್ಥೆ ಇರಲಿಲ್ಲ. 2012ರಲ್ಲಿ ಅಮೆರಿಕದ ಅರಿಜೋನಾದ ಸುಡುಬಿಸಿಲಿನಲ್ಲಿ ಅದರ ಮೀಟರಿನ ಹನ್ನೆರಡು ಸಾಮರ್ಥ್ಯದ ಗೆರೆಗಳು ಒಂದೊಂದಾಗಿ ಆರತೊಡಗಿ ಮಾಲೀಕರು ದೂರಿದರು; ಬಳಿಕ ಕಂಪನಿ ಒಂಬತ್ತು ಗೆರೆಗಿಂತ ಕೆಳಗಿಳಿದರೆ ಸರಿಪಡಿಸಿಕೊಡುವ ಸಾಮರ್ಥ್ಯದ ವಾರಂಟಿ ಕೊಟ್ಟಿತು. ಇಂದಿನ ಹೆಚ್ಚಿನ ಕಾರುಗಳಲ್ಲಿ ಬ್ಯಾಟರಿಗೆ ಕೂಲೆಂಟು ಹರಿಯುತ್ತದೆ. ಬ್ಯಾಟರಿ ಪ್ಯಾಕಿನ ಬೆಲೆಯೂ 2010ಕ್ಕೆ ಹೋಲಿಸಿದರೆ 2024ರ ಹೊತ್ತಿಗೆ ಸರಿಸುಮಾರು ಹತ್ತನೇ ಒಂದು ಪಾಲಿಗೆ ಬಂದಿದೆ. ಹಾಗೆಂದು ಅದು ಕಾರ್ಖಾನೆಯ ಬೆಲೆ. ಬಿಡಿಭಾಗವಾಗಿ ಕೊಳ್ಳುವವನಿಗೆ ಅದೇ ಬೆಲೆಗೆ ಸಿಗುತ್ತದೆಂದು ಭಾವಿಸಬಾರದು.

ವಾರಂಟಿಯಲ್ಲಿ "ಶೇ. 70" ಅಂತ ಬರೆದಿದೆ. ಅರ್ಥ ಆಗಲಿಲ್ಲ.

ಸಾಮಾನ್ಯವಾಗಿ 8 ವರ್ಷ ಅಥವಾ 1,60,000 ಕಿ.ಮೀ., ಯಾವುದು ಮೊದಲೋ ಅಲ್ಲಿಯವರೆಗೆ, ಸಾಮರ್ಥ್ಯ ಮೂಲದ ಶೇಕಡಾ 70ಕ್ಕಿಂತ ಕೆಳಗಿಳಿದರೆ ಕಂಪನಿ ಹೊಣೆ ಹೊರುತ್ತದೆ ಎಂದರ್ಥ. ಶೇಕಡಾ 71ಕ್ಕೆ ನಿಂತರೆ ಏನೂ ಸಿಗುವುದಿಲ್ಲ. ಹೊಸ ಬ್ಯಾಟರಿಯನ್ನೇ ಕೊಡಬೇಕೆಂದೂ ಇಲ್ಲ. ಬ್ಯಾಟರಿಯೊಳಗಿನ ಬಿಡಿ ಘಟಕಗಳಾದ ಮಾಡ್ಯೂಲುಗಳಲ್ಲಿ ಕೆಟ್ಟವನ್ನಷ್ಟೇ ಬದಲಿಸಿ ಸಾಮರ್ಥ್ಯವನ್ನು ಆ ಗೆರೆಯ ಮೇಲಕ್ಕೆ ತಂದರೆ ಅನೇಕ ವಾರಂಟಿಗಳ ಮಾತು ನಡೆದಂತೆ. ಯುರೋಪಿನ ಯೂರೋ 7 ನಿಯಮ ಇದನ್ನು ಇನ್ನಷ್ಟು ಬಿಗಿಗೊಳಿಸಿ, ಕಾರುಗಳ ಬ್ಯಾಟರಿ 5 ವರ್ಷ ಅಥವಾ 1,00,000 ಕಿ.ಮೀ.ವರೆಗೆ ಶೇಕಡಾ 80, 8 ವರ್ಷ ಅಥವಾ 1,60,000 ಕಿ.ಮೀ.ವರೆಗೆ ಶೇಕಡಾ 72 ಉಳಿಸಿಕೊಂಡಿರಬೇಕು ಎಂದು ವಿಧಿಸಿದೆ.

ದಿನಾ ಪೂರ್ತಿ ಚಾರ್ಜ್ ಮಾಡಿದರೆ ಬ್ಯಾಟರಿ ಬೇಗ ಹಾಳಾಗುತ್ತಾ?

ಯಾವ ಜಾತಿಯ ಬ್ಯಾಟರಿ ಎಂಬುದರ ಮೇಲಿದೆ. ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಇರುವ ಎನ್‌ಎಂಸಿ ಬ್ಯಾಟರಿಗೆ ದಿನಬಳಕೆಯಲ್ಲಿ ಶೇಕಡಾ 80 ಸಾಕು, ದೂರದ ಪ್ರಯಾಣದ ಮುನ್ನ ಮಾತ್ರ ಪೂರ್ತಿ ತುಂಬಿಸಬೇಕು. ಕಬ್ಬಿಣದ ಫಾಸ್ಫೇಟಿನ ಎಲ್‌ಎಫ್‌ಪಿ ಬ್ಯಾಟರಿಯ ವೋಲ್ಟೇಜು ತುಂಬಿದಾಗಲೂ ಅರೆ ಖಾಲಿಯಾದಾಗಲೂ ಹೆಚ್ಚು ಕಡಿಮೆ ಒಂದೇ ಆಗಿರುವುದರಿಂದ ಕಂಪ್ಯೂಟರಿಗೆ ಲೆಕ್ಕ ತಪ್ಪುತ್ತದೆ. ಅದಕ್ಕಾಗಿ ವಾರಕ್ಕೊಮ್ಮೆಯಾದರೂ ನೂರಕ್ಕೆ ಮುಟ್ಟಿಸಲು ತಯಾರಕರು ಹೇಳುತ್ತಾರೆ. ಎರಡಕ್ಕೂ ಹೆಚ್ಚು ಹಾನಿ ಮಾಡುವುದು ಪೂರ್ತಿ ತುಂಬಿಸಿ ಬಿಸಿಲಿನಲ್ಲಿ ದಿನಗಟ್ಟಲೆ ನಿಲ್ಲಿಸುವುದು. ಫಾಸ್ಟ್ ಚಾರ್ಜರ್ ಪ್ರಯಾಣದಲ್ಲಿ ಬಳಸುವುದಕ್ಕೆ ಅಂಜಬೇಕಿಲ್ಲ, ಅದನ್ನೇ ದಿನಚರಿಯನ್ನಾಗಿ ಮಾಡಿಕೊಳ್ಳಬಾರದು.

## ಲೆಕ್ಕದಲ್ಲಿ ತಪ್ಪಿಹೋಗುವ ಖರ್ಚುಗಳು

ಕಾರು ತೋರಿಸೋ ಯೂನಿಟ್ಟಿಗೂ ಮೀಟರಿನ ಯೂನಿಟ್ಟಿಗೂ ತಾಳೆ ಆಗ್ತಿಲ್ಲ. ಯಾರ ತಪ್ಪು?

ಯಾರದೂ ಅಲ್ಲ. ಮನೆಗೆ ಬರುವ ಪರ್ಯಾಯ ವಿದ್ಯುತ್ತನ್ನು ಕಾರಿನೊಳಗಿನ ಚಾರ್ಜರು ಬ್ಯಾಟರಿಗೆ ಬೇಕಾದ ನೇರ ವಿದ್ಯುತ್ತಿಗೆ (ಡಿ.ಸಿ.) ಪರಿವರ್ತಿಸುವಾಗ ಒಂದಷ್ಟು ಶಾಖವಾಗಿ ಹೋಗುತ್ತದೆ. ಚಾರ್ಜಾಗುವಷ್ಟು ಹೊತ್ತು ಕಾರಿನ ಕಂಪ್ಯೂಟರು, ಪಂಪುಗಳು ಎಚ್ಚರವಿದ್ದು ತಮ್ಮ ಪಾಲು ತಿನ್ನುತ್ತವೆ. ಒಟ್ಟು ನಷ್ಟ ಸಾಮಾನ್ಯವಾಗಿ ಶೇಕಡಾ 10ರಿಂದ 15. ಪರದೆಯಲ್ಲಿ 100 ಕಿ.ಮೀ.ಗೆ 15 ಯೂನಿಟ್ಟು ಎಂದಿದ್ದರೆ ಬಿಲ್ಲು ಕಟ್ಟುವುದು 17ಕ್ಕೆ. ಸಾಮಾನ್ಯ ಸಾಕೆಟ್ಟಿನಲ್ಲಿ ರಾತ್ರಿಯಿಡೀ ನಿಧಾನ ಚಾರ್ಜು ಮಾಡಿದರೆ ಆ ಎಚ್ಚರದ ಖರ್ಚು ಹೆಚ್ಚು ಗಂಟೆ ಹರಡುವುದರಿಂದ ನಷ್ಟ ಇನ್ನೂ ಹೆಚ್ಚು.

ಮನೆಯ ಚಾರ್ಜಿಂಗ್ ಪಾಯಿಂಟಿಗೂ ಮೇಂಟೆನೆನ್ಸ್ ಇದೆಯಾ?

ಗೋಡೆಗೆ ಕೂರಿಸಿದ ಚಾರ್ಜರಿಗೆ ಹೆಚ್ಚಿಲ್ಲ: ಅರ್ತಿಂಗ್ ಪರೀಕ್ಷೆ, ಸೋರಿಕೆ ವಿದ್ಯುತ್ತಿಗೆ ಬೀಳುವ ಬ್ರೇಕರಿನ ಟೆಸ್ಟ್ ಗುಂಡಿಯನ್ನು ಆಗಾಗ ಒತ್ತಿ ನೋಡುವುದು. ಸಾಮಾನ್ಯ ಸಾಕೆಟ್ಟಿಗೆ ಹಾಗಲ್ಲ. ಅದು ಎಂಟು ಹತ್ತು ಗಂಟೆ ಒಂದೇ ಸಮನೆ ಪೂರ್ಣ ಹೊರೆ ಹೊರಲು ಮಾಡಿದ್ದಲ್ಲ. ಪ್ಲಗ್ಗಿನ ಪಿನ್ನಿನ ಸುತ್ತ ಪ್ಲಾಸ್ಟಿಕ್ಕು ಕಂದಾಗಿದ್ದರೆ, ಕಿತ್ತಾಗ ಸುಟ್ಟ ಮೀನಿನಂಥ ವಾಸನೆ ಬಂದರೆ, ಅಂದೇ ಬಳಕೆ ನಿಲ್ಲಿಸಿ ಸಾಕೆಟ್ಟನ್ನೂ ಹಿಂದಿನ ವೈರನ್ನೂ ಬದಲಿಸಿ.

ಸಣ್ಣ ಡಿಕ್ಕಿಗೆ ಇಷ್ಟು ದೊಡ್ಡ ಬಿಲ್ಲಾ? ವಿಮೆ ಕಂತೂ ಜಾಸ್ತಿ ಯಾಕೆ?

ಎಲೆಕ್ಟ್ರಿಕ್ ಕಾರಿನ ನಿಜವಾದ ದುಬಾರಿ ಮುಖ ಇದು. 2021ರ ಅಕ್ಟೋಬರಿನಲ್ಲಿ ಒಂದು ಲಕ್ಷ ಟೆಸ್ಲಾ ಕಾರುಗಳನ್ನು ಕೊಳ್ಳುವುದಾಗಿ ಸಾರಿದ್ದ ಬಾಡಿಗೆ ಕಾರು ಕಂಪನಿ ಹರ್ಟ್ಜ್, 2024ರ ಜನವರಿಯಲ್ಲಿ ತನ್ನ ಸುಮಾರು 20,000 ಎಲೆಕ್ಟ್ರಿಕ್ ಕಾರುಗಳನ್ನು ಮಾರಿಬಿಡುವುದಾಗಿ ತಿಳಿಸಿತು. ಅದು ಕೊಟ್ಟ ಕಾರಣಗಳಲ್ಲಿ ಡಿಕ್ಕಿ ಮತ್ತು ಹಾನಿಯ ದುರಸ್ತಿಯ ಅಧಿಕ ವೆಚ್ಚವೂ ಸೇರಿತ್ತು. ಬಂಪರಿನಲ್ಲಿ ರಾಡಾರು, ಕನ್ನಡಿಯಲ್ಲಿ ಕ್ಯಾಮೆರಾ. ಬದಲಿಸಿದ ಮೇಲೆ ಅವುಗಳ ನೋಟವನ್ನು ಯಂತ್ರವಿಟ್ಟು ಸರಿಹೊಂದಿಸಬೇಕು. ನೆಲಮಟ್ಟದಲ್ಲಿರುವ ಬ್ಯಾಟರಿ ಪೆಟ್ಟಿಗೆಗೆ ಕಲ್ಲು ತಾಗಿ ತಗ್ಗು ಬಿದ್ದರೆ ಒಳಗೆ ಏನೂ ಆಗಿಲ್ಲವೆಂದು ಖಚಿತಪಡಿಸುವುದೇ ಕಷ್ಟ, ಹೀಗಾಗಿ ವಿಮಾ ಕಂಪನಿ ಕೆಲವೊಮ್ಮೆ ಇಡೀ ಕಾರನ್ನೇ ನಷ್ಟವೆಂದು ಬರೆದುಬಿಡುತ್ತದೆ. ಕಂತು ಕಡಿಮೆಯೆಂದು ಪಾಲಿಸಿ ಆರಿಸುವ ಮೊದಲು ಬ್ಯಾಟರಿಯ ಕೆಳಭಾಗದ ಪೆಟ್ಟು, ನೀರು ನುಗ್ಗಿದ ಹಾನಿ, ಚಾರ್ಜಿಂಗ್ ಕೇಬಲ್ಲು ಅದರೊಳಗೆ ಸೇರಿವೆಯೇ ಎಂದು ಓದಿ ನೋಡಿ.

ವಾರಂಟಿ ಮುಗಿದ ಮೇಲೆ ಯಾವ ಭಾಗಕ್ಕೆ ಹೆದರಬೇಕು?

ಮೋಟಾರಿಗಿಂತ ಹೆಚ್ಚಾಗಿ ವಿದ್ಯುತ್ ಪರಿವರ್ತಕಗಳಿಗೆ: ಕಾರಿನೊಳಗಿನ ಚಾರ್ಜರು ಮತ್ತು ದೊಡ್ಡ ಬ್ಯಾಟರಿಯಿಂದ 12 ವೋಲ್ಟನ್ನು ತುಂಬಿಸುವ ಪರಿವರ್ತಕ. ಹ್ಯುಂಡೈ ಐಯಾನಿಕ್ 5, ಕಿಯಾ ಇವಿ6 ಕಾರುಗಳಲ್ಲಿ ಈ ಎರಡೂ ಕೆಲಸ ಮಾಡುವ ಘಟಕ ಹಾಳಾಗಿ 12 ವೋಲ್ಟ್ ಬ್ಯಾಟರಿ ಬರಿದಾಗುತ್ತಿದ್ದುದರಿಂದ 2024ರಲ್ಲಿ ಕಂಪನಿಗಳೇ ಕಾರುಗಳನ್ನು ಹಿಂದಕ್ಕೆ ಕರೆಸಿ ಸರಿಪಡಿಸಿಕೊಟ್ಟವು. ಇಂಥ ಘಟಕಗಳಿಗೆ ಬ್ಯಾಟರಿಯ ಎಂಟು ವರ್ಷ ಅನ್ವಯಿಸುತ್ತದೋ ಕಾರಿನ ಸಾಮಾನ್ಯ ವಾರಂಟಿಯಷ್ಟೇ ಇದೆಯೋ ಎಂಬುದನ್ನು ಲಿಖಿತವಾಗಿ ಕೇಳಿ ತಿಳಿದುಕೊಳ್ಳಿ. ವಿಸ್ತರಿತ ವಾರಂಟಿಗೆ ಹಣ ಹಾಕುವುದಾದರೆ ಈ ಸಾಲು ಅದರಲ್ಲಿರಬೇಕು.

ಪರಿಚಯದ ಮೆಕ್ಯಾನಿಕ್ ಹತ್ತಿರ ಮಾಡಿಸಬಹುದಾ?

ಟೈರು, ಬ್ರೇಕು, ಸಸ್ಪೆನ್ಷನ್ ಕೆಲಸಗಳನ್ನು ಮಾಡಿಸಬಹುದು, ಜ್ಯಾಕಿಯನ್ನು ಗುರುತು ಹಾಕಿದ ಜಾಗದಲ್ಲೇ ಇಡಬೇಕೆಂದು ಹೇಳಿಕೊಟ್ಟು. ಬ್ಯಾಟರಿ ಪೆಟ್ಟಿಗೆಗೆ ಜ್ಯಾಕಿ ಕೊಟ್ಟು ಎತ್ತಿದರೆ ಟೈರ್ ಕೆಲಸ ಬ್ಯಾಟರಿ ಕೆಲಸವಾಗುತ್ತದೆ. ಕಿತ್ತಳೆ ಬಣ್ಣದ ಕೇಬಲ್ಲುಗಳಲ್ಲಿ 400, ಕೆಲವು ಕಾರುಗಳಲ್ಲಿ 800 ವೋಲ್ಟು ಹರಿಯುತ್ತದೆ. ಅವುಗಳನ್ನು ತರಬೇತಿಯಿಲ್ಲದವರು ಮುಟ್ಟಬಾರದು. ಎ.ಸಿ. ಗ್ಯಾಸ್ ತುಂಬಿಸುವುದೂ ಹೊರನೋಟಕ್ಕೆ ತೋರುವಷ್ಟು ಸಾಮಾನ್ಯ ಕೆಲಸವಲ್ಲ. ಇಲ್ಲಿನ ಕಂಪ್ರೆಸರು ಹೆಚ್ಚು ವೋಲ್ಟೇಜಿನಲ್ಲಿ ತಿರುಗುವುದರಿಂದ ಅದರೊಳಗೆ ವಿದ್ಯುತ್ತನ್ನು ತಡೆಯುವ ಬೇರೆಯದೇ ಎಣ್ಣೆ ಇರುತ್ತದೆ. ಪೆಟ್ರೋಲ್ ಕಾರಿಗೆ ಬಳಸಿದ ಯಂತ್ರದಿಂದ ಹಳೆಯ ಎಣ್ಣೆಯ ಸ್ವಲ್ಪ ಪಾಲು ಬೆರೆತರೂ ಇನ್ಸುಲೇಷನ್ ದೋಷ ಕಾಣಿಸಿಕೊಂಡು ಕಂಪ್ರೆಸರನ್ನೇ ಬದಲಿಸಬೇಕಾಗಿ ಬರಬಹುದು.

ಎಲ್ಲ ಸೇರಿ ವರ್ಷಕ್ಕೆ ಎಷ್ಟು ಎತ್ತಿಡಬೇಕು?

ನಾನು ಅನುಸರಿಸುವ ಕ್ರಮ ಇದು. ನಾಲ್ಕು ಟೈರುಗಳ ಬೆಲೆಯನ್ನು 35,000ದಿಂದ ಭಾಗಿಸಿದರೆ ಕಿಲೋಮೀಟರಿಗೆ ಟೈರಿನ ಪಾಲು ಸಿಗುತ್ತದೆ. ಅದನ್ನು ವರ್ಷದ ಓಟಕ್ಕೆ ಗುಣಿಸಿ. ಅದಕ್ಕೆ 12 ವೋಲ್ಟ್ ಬ್ಯಾಟರಿಯ ಬೆಲೆಯ ಕಾಲುಭಾಗ, ಬ್ರೇಕ್ ಆಯಿಲ್ ಕೆಲಸದ ಅರ್ಧ, ಕ್ಯಾಬಿನ್ ಫಿಲ್ಟರು ಮತ್ತು ತಪಾಸಣೆಯ ಕೂಲಿ ಸೇರಿಸಿ. ಸಾಮಾನ್ಯ ವಾರಂಟಿ ಮುಗಿಯುವ ಒಂದು ವರ್ಷ ಮೊದಲಿನಿಂದ, ಕಾರಿನೊಳಗಿನ ಚಾರ್ಜರಿನ ಬೆಲೆಯನ್ನು ವಿಚಾರಿಸಿ ಅದರ ಐದನೇ ಒಂದು ಪಾಲನ್ನು ವರ್ಷ ವರ್ಷ ಬೇರೆ ಖಾತೆಯಲ್ಲಿಡಿ. ದೊಡ್ಡ ಬ್ಯಾಟರಿಗೆಂದು ನಾನು ಏನನ್ನೂ ಎತ್ತಿಟ್ಟಿಲ್ಲ. ವರ್ಷಕ್ಕೊಮ್ಮೆ ಅದರ ಆರೋಗ್ಯದ ಶೇಕಡಾವಾರನ್ನು ಓದಿಸಿ, ದಿನಾಂಕ ಹಾಕಿ, ಸರ್ವಿಸ್ ಪುಸ್ತಕದ ಹಿಂಪುಟದಲ್ಲಿ ಬರೆದಿಡುತ್ತೇನೆ. ಮುಂದೊಂದು ದಿನ ಕಾರು ಮಾರುವಾಗ ಕೊಳ್ಳುವವನು ಮೊದಲು ಕೇಳುವುದು ಆ ಪುಟವನ್ನೇ.